ಹೊಸ್ತಿಲಿನ ಎಂಟು ಅಕ್ಷರ

ಆಂಬುಲೆನ್ಸ್ ಕಚೇರಿಯಲ್ಲಿ ಅವಳನ್ನು ಎಲ್ಲರೂ ಚೌಕದಕ್ಕ ಅಂತಲೇ ಕರೆಯುತ್ತಿದ್ದರು. ಊರಿನ ನೆಲವನ್ನೆಲ್ಲ ಕಂಪ್ಯೂಟರಿನಲ್ಲಿ ಪುಟ್ಟ ಪುಟ್ಟ ಚೌಕಗಳಾಗಿ ಕತ್ತರಿಸಿ, ಅಕ್ಷಾಂಶ ರೇಖಾಂಶಗಳ ಉದ್ದುದ್ದ ಅಂಕಿಗಳನ್ನು ಎಂಟೇ ಅಕ್ಷರದ ಕೋಡ್‌ಗೆ ಇಳಿಸಿದ ಗಟ್ಟಿಗಿತ್ತಿ. ಮನೆಯವರು ಫೋನಿನಲ್ಲಿ ಆ ಎಂಟಕ್ಷರ ಹೇಳಿದರೆ ಸಾಕು, ಪ್ರೋಗ್ರಾಂ ಅದನ್ನು ಬಿಚ್ಚಿ ಡ್ರೈವರಿಗೆ ಜಾಗ ತೋರಿಸುತ್ತಿತ್ತು. ಮನೆ ನಂಬರೇ ಇಲ್ಲದ ಗುಡ್ಡದ ಓಣಿಗಳಿಗೆ ಅದು ಬೇಕೇ ಬೇಕಿತ್ತು.

ಒಪ್ಪದವರು ಒಬ್ಬರೇ, ಅವಳ ಅಪ್ಪ. ಮೂವತ್ತೊಂದು ವರ್ಷ ಅದೇ ಓಣಿಗಳಲ್ಲಿ ಅಂಚೆ ಹಂಚಿದವರು. "ನನ್ನ ಕಾಲಿಗೆ ಗೊತ್ತಿರೋದು ನಿನ್ನ ಡಬ್ಬಕ್ಕೆ ಏನು ಗೊತ್ತು?" ಅನ್ನುತ್ತಿದ್ದರು.

ಮೊದಲ ಪರೀಕ್ಷೆಯಲ್ಲಿ ಮಾನ ಹೋಯಿತು. ಕೋಡ್ ನಂಬಿ ಹೋದ ಹೊಸ ಡ್ರೈವರ್ ಮನೆಯ ಹಿಂದಿನ ಗೋಡೆಗೆ ಮುಖಮಾಡಿ ಪೆಚ್ಚಾಗಿ ನಿಂತ. ಬಾಗಿಲು ನಲವತ್ತು ಮೆಟ್ಟಿಲು ಕೆಳಗೆ, ಬೇರೆಯದೇ ಓಣಿಯಲ್ಲಿ! ಪ್ರೋಗ್ರಾಂ ತಪ್ಪಿರಲಿಲ್ಲ. ಚೌಕದಕ್ಕನೇ ಆಕಾಶದಿಂದ ತೆಗೆದ ಚಿತ್ರ ನೋಡಿ ಸೂರಿನ ನಟ್ಟನಡುವೆ ಗುರುತು ಹಾಕಿದ್ದಳು.

"ಇನ್ನೊಂದೇ ಸಲ ನೋಡ್ತೀನಿ. ಆಗ್ಲೂ ಹೀಗಾದ್ರೆ ಇದನ್ನ ಕೈಬಿಡ್ತೀವಿ," ಎಂದರು ಆಂಬುಲೆನ್ಸ್ ಕಚೇರಿಯ ಅಧಿಕಾರಿ.

ಸಂಜೆ ಮನೆಯಲ್ಲಿ ಅಪ್ಪ ಬಿಡಲಿಲ್ಲ. "ಅಲ್ಲಮ್ಮಾ, ಕಾಗದಾನ ಯಾರಾದ್ರೂ ಸೂರಿನ ಮೇಲೆ ಎಸೀತಾರಾ? ಬಾಗಿಲಿಗೆ ಕೊಡ್ಬೇಕು."

ಅವಳಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಇಳಿದ ಮೇಲೆ ಚಪ್ಪಲಿ ಮೆಟ್ಟಿದಳು. "ಹಾಗಾದ್ರೆ ನಡಿ ಅಪ್ಪ, ಬಾಗಿಲು ತೋರ್ಸು."

ಹನ್ನೊಂದು ದಿನ, ನಾನ್ನೂರ ಹನ್ನೆರಡು ಹೊಸ್ತಿಲು! ಅಪ್ಪ ಕೋಲೂರಿಕೊಂಡು ಮುಂದೆ, ಮಗಳು ಫೋನ್ ಹಿಡಿದು ಹಿಂದೆ. ಪ್ರತಿ ಬಾಗಿಲಲ್ಲೂ ನಿಂತು ಕೋಡ್ ಕಟ್ಟುವುದು, ಅಲ್ಲೇ ಬಿಚ್ಚುವುದು, ಗುರುತು ತನ್ನ ಕಾಲಡಿಗೇ ವಾಪಸು ಬಂದರೆ ಮಾತ್ರ ಮುಂದಿನ ಮನೆ. ಹಿಡಿದ ಹಟ ಬಿಡುವವರಲ್ಲ, ಇಬ್ಬರೂ.

ಎರಡನೆಯ ಪರೀಕ್ಷೆಗೆ ಅಧಿಕಾರಿ ಬೇಕೆಂದೇ ಗುಡ್ಡದ ಓಣಿಯ ಒಬ್ಬ ಟೈಲರಮ್ಮನ ಮನೆ ಆರಿಸಿದರು. ಮೂರು ತಿರುವು, ಒಂದು ಸಂದು, ಅದರಾಚೆಗೆ ಬಾಗಿಲು. ಅಲ್ಲಿ ಅಧಿಕಾರಿ ಗಡಿಯಾರ ನೋಡುತ್ತಿದ್ದರು, ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ಇನ್ನೂ ಏಳು ನಿಮಿಷವಾಗಿರಲಿಲ್ಲ, ಅದೇ ಡ್ರೈವರ್ ಏದುಸಿರು ಬಿಡುತ್ತ ಬಂದು ಸ್ಟ್ರೆಚರನ್ನು ಹೊಸ್ತಿಲ ಮುಂದೆಯೇ ಇಳಿಸಿದ.

"ದಾರಿ ಯಾರು ಹೇಳಿದ್ರು?"

"ಯಾರನ್ನೂ ಕೇಳ್ಲಿಲ್ಲ ಸಾರ್."

ಅಪ್ಪ ಕೋಲು ಬಿಟ್ಟು ಎದ್ದು ನಿಂತರು. "ಈ ಮನೆ ಹುಡುಕೋಕೆ ಮೊದಲ ಸಲ ನಂಗೆ ಅರ್ಧ ದಿನ ಹಿಡಿದಿತ್ತು ಸಾರ್. ಇವಳು ನನ್ನ ಮಗಳು."

ಅಧಿಕಾರಿಗೆ ಅದು ಗೊತ್ತಿದ್ದ ಸಂಗತಿಯೇ. ಆದರೂ ಅಪ್ಪ ಇನ್ನೊಂದು ಸಲ ಹೇಳಿದರು.