ಹೊಸನಗರ ಒಳಗೇ ಇರಲಿ

ಎಂಬತ್ತರ ದಶಕದ ಕೊನೆಗೆ ಸಾಗರದ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇತ್ತು ಎಂದರೆ ಈಗಿನವರು ನಂಬುವುದಿಲ್ಲ. ನನ್ನ ಗಂಡನ ಅಣ್ಣ, ಅಂದರೆ ಭಾವ, ಪರದೇಶದಿಂದ ತಂದಿಟ್ಟು ಹೋಗಿದ್ದರು. ಟಿವಿಯೇ ಅದರ ಪರದೆ, ಟೇಪ್ ರೆಕಾರ್ಡರೇ ಅದರ ಉಗ್ರಾಣ. ಭಾನುವಾರ ಬರುತ್ತೇನೆ, ಉಪಯೋಗ ಕಾಣದಿದ್ದರೆ ಒಯ್ದು ಬೇರೆಯವರಿಗೆ ಕೊಡುತ್ತೇನೆ ಎಂದು ಅವರು ಹೇಳಿ ಕಳಿಸಿದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ನನಗೆ ಅದನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ.

ಮಾವ ಹಿಂದೆ ಬಸ್ ಏಜೆಂಟರಾಗಿದ್ದವರು. ಮೂರು ತಾಲ್ಲೂಕಿನ ಬಸ್ಸುಗಳ ಹೊತ್ತು ಅವರಿಗೆ ಬಾಯಿಪಾಠ. ಅದನ್ನೆಲ್ಲ ಕಂಪ್ಯೂಟರಿಗೆ ತುಂಬಿಸಹೊರಟರೆ ಅದರ ಮೆಮೊರಿ ಸಾಲಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಮೂರು ತುಂಡು ಮಾಡಿ ಟೇಪಿನಲ್ಲಿಟ್ಟೆ. ಬೇಕಾದ ತುಂಡು ಒಳಗೆ ಬರಬೇಕು, ಬೇಡವಾದದ್ದು ಜಾಗ ಬಿಡಬೇಕು. ಮಾವ ಪರೀಕ್ಷೆ ಇಟ್ಟರು: ಸಾಗರ ತಾಲ್ಲೂಕಿನ ವರದಮೂಲದಿಂದ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಗೆ ಹೋಗುವುದು ಹೇಗೆ? ಟೇಪು ಓಡಿತು, ನಾನು ಹಿಂದಕ್ಕೆ ಸುತ್ತಿದೆ, ಮತ್ತೆ ಓಡಿತು. ಉತ್ತರ ಬರುವಷ್ಟರಲ್ಲಿ ಮಾವ ಎರಡು ಕವಳ ಎಲೆಯಡಿಕೆ ಹಾಕಿ ಮುಗಿಸಿದ್ದರು.

"ಅಷ್ಟೊತ್ತಿಗೆ ಬಸ್ಸೇ ಹೋಗಿರ್ತದೆ," ಅಂದರು. ನಾನು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದೆ.

ಶನಿವಾರ ತೀರ್ಥಹಳ್ಳಿಯ ತವರಿಗೆ ಹೋಗಿಬರುವುದಿತ್ತು. ಹೊಸನಗರದಲ್ಲಿ ಇಳಿದು, ಎಲ್ಲರಂತೆ ಚೀಲ ಅವುಚಿಕೊಂಡು ಮುಂದಿನ ಬಸ್ಸಿಗೆ ಓಡಿದೆ. ಸೀಟು ಸಿಕ್ಕಿದ ಮೇಲೆ ನಗು ಬಂತು. ಎತ್ತ ಹೋಗುವವರೂ ಇಳಿದು ಹತ್ತುವ ಊರು ಇದು. ನನ್ನ ಪ್ರೋಗ್ರಾಮ್ ಮಾತ್ರ ಇದನ್ನೇ ಹೊರಗೆ ತಳ್ಳಿ, ಮತ್ತೆ ಒಳಗೆ ಕರೆದು, ಮತ್ತೆ ತಳ್ಳುತ್ತಿತ್ತು. ಮದುವೆಯಾದಂದಿನಿಂದ ಇಲ್ಲೇ ಬಸ್ಸು ಬದಲಿಸಿದವಳಿಗೆ ಇಷ್ಟು ಹೊಳೆದಿರಲಿಲ್ಲ.

ಮನೆಗೆ ಬಂದವಳೇ ಹೊಸನಗರವನ್ನು ಮೆಮೊರಿಯಲ್ಲಿ ಖಾಯಂ ಕೂರಿಸಿದೆ. ಜಾಗ ಉಳಿಸಲು ಊರುಗಳ ಹೆಸರನ್ನು ಒಂದೇ ಪಟ್ಟಿಯಲ್ಲಿಟ್ಟು, ಉಳಿದೆಡೆ ಬರೀ ಅಂಕಿ ಹಾಕಿದೆ. ಟೇಪಿನ ಮೊದಲಿಗೆ ಸಾಗರ, ಅದರ ಬೆನ್ನಿಗೇ ತೀರ್ಥಹಳ್ಳಿ. ಇನ್ನು ಹಿಂದಕ್ಕೆ ಸುತ್ತುವ ಕೆಲಸವೇ ಇರಲಿಲ್ಲ.

ಭಾನುವಾರ ಭಾವ ಬಂದು ಕೂತರು. ಮಾವ ಅದೇ ಪ್ರಶ್ನೆ ಹಾಕಿ, ಎಲೆ ಒರೆಸಿ ಸುಣ್ಣ ಹಚ್ಚತೊಡಗಿದರು. ಅಡಿಕೆ ಇಟ್ಟು ಮಡಚಿ ಬಾಯಿಗೆ ಒಯ್ಯುವುದರೊಳಗೆ ಹತ್ತಬೇಕಾದ ಮೂರೂ ಬಸ್ಸುಗಳು ಟಿವಿಯ ಮೇಲೆ ಬಂದು ನಿಂತವು. ಮಾವ ಎದ್ದು ಹತ್ತಿರ ಹೋಗಿ ಒಂದೊಂದನ್ನೂ ಓದಿದರು.

"ಸರಿ ಇದೆ," ಅಂದರು. ಭಾವನ ಕಡೆ ತಿರುಗಿ, "ಪೆಟ್ಟಿಗೆ ಒಯ್ಯೋದು ಬೇಡ ಮಾರಾಯ. ಇಲ್ಲೇ ಇರ್ಲಿ."

ಗೆದ್ದೆ ಎಂದು ಕುಣಿಯುವಷ್ಟು ಖುಷಿಯಾಯಿತು. ಮಾವ ತಮ್ಮ ಕೈಯಲ್ಲಿದ್ದ ಕವಳವನ್ನು ನನಗೆ ಕೊಟ್ಟರು. ಕವಳದ ಅಭ್ಯಾಸವಿರಲಿಲ್ಲ, ಸುಣ್ಣಕ್ಕೆ ನಾಲಗೆ ಸುಟ್ಟರೂ ಉಗುಳದೆ ಪೂರ್ತಿ ಅಗಿದೆ.