ಹಗೇವಿನ ಬಾಯಲ್ಲಿ ಕೂಗಿದ ಪೆಟ್ಟಿಗೆ

ದೆವ್ವ, ಶಕುನ, ಸೂಚನೆ ಎಂದವರನ್ನೆಲ್ಲ ಗೇಲಿ ಮಾಡುತ್ತ ಬಂದವನು ನಾನು. ಸಂಶಯ ನನ್ನ ಹುಟ್ಟುಗುಣ. ಹಾಲು ಕೆಟ್ಟಿಲ್ಲ ಎಂದು ಹೆಂಡತಿ ಆಣೆ ಮಾಡಿದರೂ ಮೂಸಿಯೇ ಕುಡಿಯುತ್ತೇನೆ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಕೆಲವು ವರ್ಷಗಳ ಹಿಂದೆ ಒಂದು ಎಲೆಕ್ಟ್ರಾನಿಕ್ ಮೂಗು ಮಾಡಿದ್ದೆ. ಅಂಗೈಯಗಲದ ಪೆಟ್ಟಿಗೆ. ಒಳಗಿನ ಬಿಲ್ಲೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸತುವಿನ ಆಕ್ಸೈಡ್ ಕಣಗಳ ಲೇಪ. ಮುಗ್ಗಿದ ಕಾಳಿನ ಆವಿ ತಾಕಿದರೆ ಅದು ಕೂಗಬೇಕು. ನಮ್ಮ ಲ್ಯಾಬಿನ ಅಟೆಂಡರ್ ತಿಪ್ಪೇಸ್ವಾಮಿ ಮಾಡದಕೆರೆ ಕಡೆಯವನು. "ನಮ್ಮನೆ ಹಿಂದೆ ಹಳೇ ಹಗೇವು ಐತೆ ಸಾರ್, ತಳದಾಗೆ ಇನ್ನೂ ರಾಗಿ ಐತೆ. ಅಲ್ಲಿ ನೋಡ್ರಿ" ಎಂದ. ಹಗೇವೆಂದರೆ ಕಾಳು ತುಂಬಿ ಬಾಯಿ ಮುಚ್ಚಿಡುವ ನೆಲಗುಂಡಿ.

ಆವಿ ಹಾರಿಹೋಗಬಾರದೆಂದು, ನಾನು ಬಂದ ಮೇಲೇ ಬಾಯಿ ತೆಗೆಯಬೇಕೆಂದು ತಾಕೀತು ಮಾಡಿದ್ದೆ. ಅದೇ ನಾನು ಮಾಡಿದ ತಪ್ಪು.

"ಹಗೇವಿನ ಬಾಯಿ ಒಂದಿನ ತೆಗ್ದು ಬಿಡಬೇಕು, ಆಮ್ಯಾಕೆ ಲಾಟೀನು ಬಿಟ್ಟು ನೋಡ್ಬೇಕು ಮೇಷ್ಟ್ರೇ. ಹಂಗೇ ಇಳಿದೋರು ಮ್ಯಾಲೆ ಬಂದಿಲ್ಲ" ಎಂದರು ಅವನ ತಾಯಿ ಹೊನ್ನಮ್ಮ. ಲಾಟೀನಿನ ಕಾಲ ಹೋಯಿತು ಎಂದು ನಾನು ನಕ್ಕೆ.

ಬಾಯಿ ತೆಗೆಸಿ, ಹಗ್ಗ ಕಟ್ಟಿ ಪೆಟ್ಟಿಗೆ ಇಳಿಸಿದೆ. ಸದ್ದಿಲ್ಲ. ಮೇಲೆಳೆದು, ಚಾರ್ಜ್ ಉಳಿಯಲೆಂದು ಬ್ಯಾಟರಿ ತೆಗೆದು ಜೇಬಿಗೆ ಹಾಕಿಕೊಂಡೆ. "ಇಳಿಯಪ್ಪ, ಒಂದು ಹಿಡಿ ರಾಗಿ ತಾ" ಎಂದೆ.

ತಿಪ್ಪೇಸ್ವಾಮಿ ಹಗ್ಗ ಹಿಡಿದು ಕಾಲು ಇಳಿಬಿಟ್ಟ. ಆಗ ನನ್ನ ಕೈಯಲ್ಲಿದ್ದ ಪೆಟ್ಟಿಗೆ ಕೂಗತೊಡಗಿತು. ಹಾಡುಹಗಲು. ನಾನು ಜೇಬಿಗೆ ಕೈ ಹಾಕಿ ನೋಡಿದೆ. ಬ್ಯಾಟರಿ ಅಲ್ಲೇ ಇತ್ತು.

"ಬಾರಲೇ ಮ್ಯಾಲೆ!" ಎಂದು ಹೊನ್ನಮ್ಮ ಮಗನ ರಟ್ಟೆ ಹಿಡಿದೆಳೆದರು. ಅವನು ಮೇಲೆ ಬಂದ ಮೇಲೆಯೇ ಪೆಟ್ಟಿಗೆ ಸುಮ್ಮನಾಯಿತು. ಲಾಟೀನು ಇಳಿಸಿದೆವು. ಆಳುದ್ದ ಹೋಗುವಷ್ಟರಲ್ಲಿ ಆರಿತು. ಮತ್ತೆ ಹಚ್ಚಿ ಇಳಿಸಿದರೆ ಮತ್ತೆ ಆರಿತು. ಒಬ್ಬ ತಾಯಿಯ ಕಣ್ಣೆದುರಿಗೇ ಅವಳ ಮಗನನ್ನು ಕೊಲ್ಲುತ್ತಿದ್ದೆ.

ದೀಪ ಆರಿಸುವ ಆ ಗಾಳಿಗೆ, ಅಂದರೆ ಇಂಗಾಲದ ಡೈಆಕ್ಸೈಡಿಗೆ, ವಾಸನೆಯಿಲ್ಲ. ಅದನ್ನು ಹಿಡಿಯುವುದು ನನ್ನ ಪೆಟ್ಟಿಗೆಯ ಕೈಲಾಗದ ಕೆಲಸ. ವರ್ಷವರ್ಷ ಪಾಠ ಮಾಡುವ ನನಗೆ ಆ ಹೊತ್ತು ಇದು ಹೊಳೆಯಲೇ ಇಲ್ಲ.

ಮೊದಲು ತಿಪ್ಪೇಸ್ವಾಮಿಯ ಮೇಲೆಯೇ ಅನುಮಾನಪಟ್ಟೆ. ಹೆದರಿ ಮೊಬೈಲಿನಿಂದ ಸದ್ದು ಮಾಡಿಸಿದನೇ? ಅವನ ಮೊಬೈಲು ಮನೆಯೊಳಗೆ ಚಾರ್ಜಿಗಿತ್ತು. ಪೆಟ್ಟಿಗೆಯಲ್ಲಿ ಒಂದಿಷ್ಟು ವಿದ್ಯುತ್ತು ಉಳಿದಿತ್ತೇ? ಲ್ಯಾಬಿನಲ್ಲಿ ಹತ್ತಾರು ಸಲ ಬ್ಯಾಟರಿ ಕಿತ್ತು ಕಾದೆ. ಒಮ್ಮೆಯೂ ಕೂಗಲಿಲ್ಲ. ನನ್ನ ಕಿವಿಯನ್ನೇ ಶಂಕಿಸೋಣವೆಂದರೆ ಕೇಳಿಸಿಕೊಂಡವರು ಮೂವರು.

ಲ್ಯಾಬಿಗೆ ಯಾರೇ ಹೊಸಬರು ಬರಲಿ, ತಿಪ್ಪೇಸ್ವಾಮಿ ಆ ಪೆಟ್ಟಿಗೆ ತೋರಿಸಿ, "ನಮ್ ಸಾರ್ ಮಿಷನ್ನು, ನನ್ ಜೀವ ಉಳಿಸೈತೆ" ಎನ್ನುತ್ತಾನೆ. ನಾನು ಪುಸ್ತಕದಲ್ಲಿ ತಲೆ ಹುದುಗಿಸುತ್ತೇನೆ. ಬ್ಯಾಟರಿ ಇದ್ದಾಗ ಅದು ಸುಮ್ಮನಿತ್ತು, ಇಳಿ ಎಂದವನು ನಾನು ಎಂದು ಅವನಿಗೆ ನೆನಪಿಸುವ ಧೈರ್ಯ ಇವತ್ತಿನವರೆಗೂ ಬಂದಿಲ್ಲ.