"ಒಳ್ಗೆ ಯಾರೂ ಇಲ್ಲ ಸಾಮಿ!"

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವರೆಕಾಯಿ ಕಾಲ, ಜೊತೆಗೆ ಚುನಾವಣೆಯ ಕಾಲ. ನಾನು ಎಂಟು ತಿಂಗಳು ತುಂಬಿದ ಬಸುರಿ.

ನಮ್ಮದು ಚಿಕ್ಕಬಾಣಾವರದಿಂದ ಒಳಗಿದ್ದ ಸಣ್ಣ ಹಳ್ಳಿ. ಗಂಡನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ. ಮನೆಯಲ್ಲಿ ಅತ್ತೆ, ಮಾವ, ನಾನು. ಎರಡು ವರ್ಷದ ಹಿಂದೆ ನನ್ನ ಮೊದಲ ಹೆರಿಗೆ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಎತ್ತಿನ ಗಾಡಿಯಲ್ಲಿ ಆಗಿ, ಮಗು ಉಳಿಯಲಿಲ್ಲ. ಈ ಸಲವಾದರೂ ಉಳಿಸು ದೇವರೇ ಎಂದು ಹಗಲೂ ರಾತ್ರಿ ಬೇಡಿಕೊಳ್ಳುತ್ತಿದ್ದೆ.

ನಮ್ಮೂರಿನವರು ಯಾರಿಗೂ ಜಗ್ಗುವವರಲ್ಲ. ಆದರೆ ಬ್ಯಾಂಕ್ ಮ್ಯಾನೇಜರ್ ಎಂದರೆ ಗಡಗಡ ನಡುಗುತ್ತಿದ್ದರು. ತುಮಕೂರು ಕಡೆಯ ಮನುಷ್ಯ, ಕಡ್ಡಿ ಮುರಿದ ಹಾಗೆ ಮಾತು. ಮನೆಮನೆಗೂ ಸೀಮೆಹಸು ಕೊಳ್ಳಲು ಸಾಲ ಕೊಟ್ಟವರು ಅವರೇ, ಜಾಮೀನಿಗೆ ಗತಿಯಿಲ್ಲದ ವಿಧವೆಯರನ್ನೂ ಕರೆದು ಕೂರಿಸಿ ಕೊಟ್ಟವರು ಅವರೇ. ಕಂತು ತಪ್ಪಿದರೆ ಜೀಪಿನಲ್ಲಿ ಬಂದು ಬಾಗಿಲು ಬಡಿಯುತ್ತಿದ್ದವರೂ ಅವರೇ. ಆ ಜೀಪಿನ ಧೂಳು ಕಂಡರೆ ಸಾಕು, ಗಂಡಸರು ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದು ಹೊಲದ ಕಡೆಗೆ ಪರಾರಿ. ಹೆಂಗಸರು ಒಳಗೆ ಉಸಿರು ಬಿಗಿಹಿಡಿದು ಕೂರಬೇಕು.

ಅಂಥ ಮ್ಯಾನೇಜರು ಕೆಲಸ ಬಿಟ್ಟು ಚುನಾವಣೆಗೆ ನಿಂತಿದ್ದಾರೆ ಎಂಬ ಸುದ್ದಿ ಬಂದಿತ್ತು. ಸುದ್ದಿ ಬಂದರೇನು, ಅಭ್ಯಾಸ ಬಿಡಬೇಕಲ್ಲ! ಒಂದು ಬೆಳಗ್ಗೆ ಜೀಪಿನ ಸದ್ದು ಕೇಳಿದ್ದೇ ತಡ, ನಮ್ಮ ಮಾವ ಬೀಗ ಹಾಕಿ ಅವರೆ ಹೊಲಕ್ಕೆ ಓಟ ಕಿತ್ತರು. ಇಡೀ ಬೀದಿ ಬಾಗಿಲು ಹಾಕಿಕೊಂಡಿತು.

ಖಾಲಿ ಬೀದಿಯಲ್ಲಿ ನಿಂತು ಆ ಮನುಷ್ಯ ಮೈಕಿನಲ್ಲಿ ಹೇಳುತ್ತಿದ್ದರು: "ಅಣ್ಣಂದಿರೇ, ಅಕ್ಕಂದಿರೇ, ಸಾಲ ಕೇಳೋಕೆ ಬಂದಿಲ್ಲ, ಓಟು ಕೇಳೋಕೆ ಬಂದಿದ್ದೀನಿ! ನಿಮಗೆ ಹಸು ಕೊಡಿಸಿದೆ. ಆ ಹಾಲು ಡೈರಿಗೆ ಹೋಗೋಕೆ ಒಂದು ರಸ್ತೆ ಮಾಡಿಸೋ ಅಧಿಕಾರ ನನ್ನ ಕುರ್ಚಿಗೆ ಇರಲಿಲ್ಲ. ಅದಕ್ಕೇ ಕುರ್ಚಿ ಬಿಟ್ಟು ಬಂದೆ."

"ಇದ್ಯಾವ್ದೋ ಒಸಾ ನಾಟ್ಕ," ಎಂದು ಅತ್ತೆ ಪಿಸುಗುಟ್ಟಿದರು.

ಆಗಲೇ ನನಗೆ ನೋವು ಬಂತು. ಸೊಂಟ ಮುರಿದು ಬೀಳುವಂಥ ನೋವು. ಇನ್ನೂ ದಿನ ತುಂಬಿರಲಿಲ್ಲ. ಅತ್ತೆ ನನ್ನ ಬಾಯಿಗೆ ಸೆರಗು ಒತ್ತಿ, "ಒಸಿ ತಡ್ಕೊ ಕಣವ್ವ, ಜೀಪು ಒಂಟೋಗ್ಲಿ," ಎಂದರು. ತಡೆದುಕೊಂಡೆ. ಎರಡನೇ ಸಲ ಬಂದಾಗ ಆಗಲಿಲ್ಲ, ಕಿರುಚಿಬಿಟ್ಟೆ.

ಮೈಕು ನಿಂತಿತು. ನಮ್ಮ ಬಾಗಿಲ ಹತ್ತಿರ ಚಪ್ಪಲಿ ಸದ್ದು. "ಯಾರಮ್ಮ ಒಳಗೆ?"

"ಒಳ್ಗೆ ಯಾರೂ ಇಲ್ಲ ಸಾಮಿ!" ಎಂದು ನಮ್ಮತ್ತೆ ಒಳಗಿಂದಲೇ ಗಟ್ಟಿಯಾಗಿ ಕೂಗಿದರು.

ನಾನು ಮತ್ತೆ ಕಿರುಚಿದೆ. ಮ್ಯಾನೇಜರು ಮನೆಯನ್ನು ಸುತ್ತಿಕೊಂಡು ಬಂದು ಹಿತ್ತಲ ಬಾಗಿಲು ತಳ್ಳಿದರು. ಅದು ತೆರೆಯುವುದು ದನದ ಕೊಟ್ಟಿಗೆಗೆ. ಬಿಳಿ ಪಂಚೆಯಲ್ಲಿ ಸಗಣಿ ತುಳಿದುಕೊಂಡು ಒಳಗೆ ಬಂದವರ ಕಾಲಿಗೆ ಅತ್ತೆ ಬಿದ್ದುಬಿಟ್ಟರು. "ಅಸು ಮಾತ್ರ ಇಡ್ಕೊಂಡೋಗ್ಬ್ಯಾಡಿ ಸಾಮಿ, ಎರಡೇ ಕಂತು ಬಾಕಿ ಇರಾದು!"

"ಹಸು ಇರಲಿ ಅಮ್ಮ, ಮೊದಲು ಹುಡುಗಿಯನ್ನ ಎತ್ತಿ!"

ಅವರೂ ಅವರ ಕಡೆಯ ಹುಡುಗರೂ ಸೇರಿ ನನ್ನನ್ನು ಕಂಬಳಿಯಲ್ಲಿ ಹೊತ್ತು ಜೀಪಿಗೆ ಹಾಕಿದರು. ಕೂಗಾಟ ಕೇಳಿ ಒಂದೊಂದೇ ಮನೆಯ ಹೆಂಗಸರು ಹಿತ್ತಲಿನಿಂದ ಈಚೆ ಬಂದರು. ಮ್ಯಾನೇಜರ ಕಡೆಯವನೊಬ್ಬ, "ಸಾರ್, ಎದುರು ಪಾರ್ಟಿಯವ್ರಿಗೆ ಹತ್ತು ಕಾರಿದೆ, ನಮಗಿರೋದು ಇದೊಂದೇ ಜೀಪು. ಇನ್ನೂ ನಾಕು ಊರು ಸುತ್ತಬೇಕು," ಎಂದು ಗೊಣಗಿದ್ದು ಆ ನೋವಿನಲ್ಲೂ ನನಗೆ ಕೇಳಿಸಿತು.

"ಕಾಲಿದೆಯಲ್ಲಪ್ಪ, ನಡಿ," ಎಂದರು ಅವರು. ಡ್ರೈವರಿಗೆ, "ಹಳ್ಳದಲ್ಲಿ ನಿಧಾನ, ತುಮಕೂರು ರಸ್ತೆ ಸಿಕ್ಕಿದ ಮೇಲೆ ಎಲ್ಲೂ ನಿಲ್ಲಿಸಬೇಡ," ಎಂದು ಹೇಳಿ ಕಳಿಸಿದರು.

ದಾಸರಹಳ್ಳಿ ದಾಟುವವರೆಗೆ ಪ್ರಾಣ ಕೈಯಲ್ಲಿ ಹಿಡಿದುಕೊಂಡಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗು ಅಡ್ಡ ತಿರುಗಿದೆ ಎಂದು ಕೂಡಲೇ ಒಳಗೆ ಕರೆದುಕೊಂಡರು. ಸಂಜೆಯ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಹುಟ್ಟಿದ ಕೂಡಲೇ ಅತ್ತಿತು. ಆ ಅಳು ಕೇಳಿ ನಾನೂ ಅತ್ತುಬಿಟ್ಟೆ.

ಎರಡು ದಿನದ ಮೇಲೆ ಮ್ಯಾನೇಜರು ಮೂಸಂಬಿ ಹಿಡಿದುಕೊಂಡು ನೋಡಲು ಬಂದರು. ನಡೆದು ನಡೆದು ಕಾಲಲ್ಲಿ ಬೊಬ್ಬೆ ಎದ್ದು ಕುಂಟುತ್ತಿದ್ದರು. ಅವರನ್ನು ಕಂಡದ್ದೇ ನಮ್ಮತ್ತೆ ಅಭ್ಯಾಸಬಲದಿಂದ ಬಾಗಿಲ ಹಿಂದೆ ಸರಿದರು. ಆಮೇಲೆ ನಾಚಿಕೊಂಡು ಮುಂದೆ ಬಂದು, "ನಮ್ಮನೆ ಓಟೆಲ್ಲಾ ನಿಮ್ಗೇ ಸಾಮಿ," ಎಂದು ಕೈ ಮುಗಿದರು.

ಅವರು ನಕ್ಕರು. "ಓಟು ನಿಮ್ಮಿಷ್ಟ ಅಮ್ಮ. ಆ ಎರಡು ಕಂತು ಮಾತ್ರ ಕಟ್ಟಿಬಿಡಿ. ಈಗ ಬಂದಿರೋ ಮ್ಯಾನೇಜರು ನನಗಿಂತ ಗಟ್ಟಿ!"

ಓಟಿನ ದಿನ ನಾನು ಹಸಿ ಬಾಣಂತಿ. ಗಾಳಿ ಸೋಕಬಾರದು, ಹೊಸಿಲು ದಾಟಬಾರದು ಎಂದು ಕಟ್ಟುನಿಟ್ಟು ಮಾಡುತ್ತಿದ್ದ ಅತ್ತೆಯೇ ನನ್ನ ಕಿವಿಗೆ ಹತ್ತಿಯಿಟ್ಟು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಕಂಬಳಿ ಹೊದಿಸಿ ಶಾಲೆಗೆ ಕರೆದುಕೊಂಡು ಹೋದರು. ಸಾಲಿನಲ್ಲಿದ್ದವರು ಗುಸುಗುಸು ಮಾಡಿದಾಗ ಅವರಿಗೆ ರೇಗಿತು. "ಬಾಣಂತಿ ಈಚ್ಗೆ ಬರ್ಬಾರ್ದಾ? ಇವ್ಳು ಬಾಣಂತಿ ಆಗಿದ್ದೇ ಆ ಮ್ಯಾನೇಜರಿಂದ ಕಣ್ರಮ್ಮಿ!"

ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಅತ್ತೆ ನಾಲಿಗೆ ಕಚ್ಚಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ನನ್ನ ಗಂಡ.

ಆ ಸಲ ಅವರು ಸೋತರು. ಸುದ್ದಿ ಕೇಳಿ ನಮ್ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮುಂದಿನ ಸಲ ಗೆದ್ದರು, ನಮ್ಮೂರಿಗೆ ರಸ್ತೆಯನ್ನೂ ತಂದರು. ರಸ್ತೆ ತಂದದ್ದಕ್ಕೆ ಊರು ಅವರಿಗೆ ಹಾರ ಹಾಕಿತು. ನನಗೆ ಮಾತ್ರ ಅವರು ದೊಡ್ಡವರಾದದ್ದು ಗೆದ್ದಾಗಲ್ಲ.

ಆಮೇಲೆ ಎಷ್ಟೋ ಚುನಾವಣೆಗಳು ಬಂದವು. ಈಗಲೂ ಯಾರಾದರೂ ನಮ್ಮ ಮನೆ ಮುಂದೆ ಕೈ ಮುಗಿದು ನಿಂತರೆ ಅವರ ಭಾಷಣ ನನ್ನ ಕಿವಿಗೆ ಬೀಳುವುದಿಲ್ಲ. ಒಳಗಿನಿಂದ ಒಬ್ಬ ಹೆಂಗಸು ಕಿರುಚಿದರೆ ಈ ಮನುಷ್ಯ ಮಾತು ನಿಲ್ಲಿಸುತ್ತಾನೆಯೇ ಎಂದು ಅವರ ಮುಖವನ್ನೇ ನೋಡುತ್ತಾ ನಿಲ್ಲುತ್ತೇನೆ.